ಇಗ್ವಾನಾಗೂ ಒಂದು ಕಾನೂನಿದೆ

9/11 ದಾಳಿಯ ಆರೋಪಿಗಳು ತಪ್ಪೊಪ್ಪಿಕೊಂಡು ಮರಣದಂಡನೆಯಿಂದ ಪಾರಾಗಲು ಅಮೆರಿಕ ಸರ್ಕಾರದ ಜೊತೆ ಮಾಡಿಕೊಂಡಿದ್ದ ಒಪ್ಪಂದ 2025ರ ಜುಲೈನಲ್ಲಿ ಮೇಲ್ಮನವಿ ಕೋರ್ಟಿನಲ್ಲಿ ಬಿದ್ದುಹೋಯಿತು. ಸಹಿ ಹಾಕಿದ್ದೂ ಸರ್ಕಾರದವರೇ, ಎರಡೇ ದಿನದಲ್ಲಿ ಬೇಡ ಅಂದಿದ್ದೂ ಸರ್ಕಾರದವರೇ. ಈ ಕೇಸು ನಡೆಯುವ ಗ್ವಾಂಟನಾಮೊ, ಅಂದರೆ ಅಮೆರಿಕ ಸೇನೆಯ ಜೈಲು ಇರುವ ಜಾಗ, ಇರೋದೇ ಹಾಗೆ.

ಅದು ಕ್ಯೂಬಾದ ನೆಲ. ಅಮೆರಿಕ ಬಾಡಿಗೆಗೆ ಇದೆ, ವರ್ಷಕ್ಕೆ 4,085 ಡಾಲರ್. ಓನರು ಖಾಲಿ ಮಾಡಿ ಅಂತ ಎಷ್ಟೋ ವರ್ಷದಿಂದ ಕೂಗುತ್ತಿದ್ದಾರೆ. ಕ್ಯೂಬಾದ ನಾಯಕ ಕ್ಯಾಸ್ಟ್ರೊ ಅಂತೂ ಬಂದ ಬಾಡಿಗೆ ಚೆಕ್ಕುಗಳನ್ನು ಡ್ರಾಯರಿಗೆ ಎಸೆದು ಇಟ್ಟಿದ್ದರು. ನಮ್ಮ ನೆಲವಲ್ಲ, ನಮ್ಮ ಕೋರ್ಟಿಗೆ ಇಲ್ಲೇನು ಕೆಲಸ ಅಂತ ಅಮೆರಿಕದವರು 2002ರಲ್ಲಿ ಭಯೋತ್ಪಾದನೆಯ ಶಂಕಿತರನ್ನು ಕೈದಿಗಳಾಗಿ ತಂದು ಕೂಡಿದರು.

ಅಲ್ಲಿ ಇಗ್ವಾನಾ ಅಂತ ಒಂದು ಪ್ರಾಣಿ ಇದೆ. ನೋಡೋಕೆ ನಮ್ಮ ಉಡದ ಹಾಗೆ. ಸುಮ್ನೆ ರಸ್ತೆ ಮಧ್ಯೆ ಬಿಸಿಲು ಕಾಯಿಸುತ್ತಾ ಮಲಗಿರುತ್ತದೆ. ಅದಕ್ಕೆ ತೊಂದರೆ ಕೊಟ್ಟರೆ 10,000 ಡಾಲರ್‌ವರೆಗೆ ದಂಡ. ಯಾವ ಕಾನೂನು? ಅಮೆರಿಕದ್ದೇ! ಕೈದಿಗಳ ವಕೀಲರು ಇದನ್ನೇ ಎತ್ತಿ ಆಡಿದರು. ಪಾಪ, ಕಕ್ಷಿದಾರರಿಗೆ ಬಾಲ ಇರಲಿಲ್ಲ.

ಒಳಗಿನ ಭಾಷೆಯೂ ಬಲು ಸೊಗಸು. ಉಪವಾಸ ಮುಷ್ಕರಕ್ಕೆ ಅಲ್ಲಿ ಇಟ್ಟ ಹೆಸರು 'ದೀರ್ಘಾವಧಿಯ ಧಾರ್ಮಿಕೇತರ ಉಪವಾಸ'. ಅಂದರೆ ಏಕಾದಶಿ ಅಲ್ಲ, ಶನಿವಾರದ ಒಪ್ಪೊತ್ತೂ ಅಲ್ಲ. ಅಮೆರಿಕದ ಆಗಿನ ರಕ್ಷಣಾ ಕಾರ್ಯದರ್ಶಿ ರಮ್ಸ್‌ಫೆಲ್ಡ್ 2002ರ ಡಿಸೆಂಬರ್‌ನಲ್ಲಿ ವಿಚಾರಣೆಯ ವಿಧಾನಗಳಿಗೆ ಸಹಿ ಹಾಕಿ, ಕೆಳಗೆ ಪೆನ್ನಲ್ಲಿ ಗೀಚಿದ್ದರು: ನಾನು ದಿನಕ್ಕೆ 8-10 ಗಂಟೆ ನಿಂತಿರುತ್ತೇನೆ, ಇವರನ್ನು ನಿಲ್ಲಿಸೋಕೆ ನಾಲ್ಕೇ ಗಂಟೆ ಯಾಕೆ? ಎಂಥ ಸಮಾನತೆ, ಅಲ್ವಾ! ಕಾಲು ನೋವು ಬಂದರೆ ಸಾಹೇಬರು ಕೂತುಕೊಳ್ಳಬಹುದಿತ್ತು, ಅಷ್ಟೇ ವ್ಯತ್ಯಾಸ.

ಸಾಕು, ನಗು ಬರುತ್ತಿಲ್ಲ. ಅಲ್-ಲಿಬಿ ಅನ್ನುವ ಸೆರೆಯಾಳನ್ನು ಅಮೆರಿಕದವರು ಈಜಿಪ್ಟಿಗೆ ಕಳಿಸಿದರು. ಅಲ್ಲಿ ಅವನನ್ನು ಪೆಟ್ಟಿಗೆಗೆ ತುರುಕಿ ಹೊಡೆದರು. ಇರಾಕ್ ಅಲ್-ಖೈದಾಕ್ಕೆ ವಿಷಾಸ್ತ್ರದ ತರಬೇತಿ ಕೊಟ್ಟಿದೆ ಅಂದ. ಅದೇ ಮಾತನ್ನು ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಪೊವೆಲ್ 2003ರ ಫೆಬ್ರವರಿಯಲ್ಲಿ ವಿಶ್ವಸಂಸ್ಥೆಯಲ್ಲಿ ಹೇಳಿದರು. ಮುಂದಿನ ತಿಂಗಳೇ ಇರಾಕ್ ಮೇಲೆ ಯುದ್ಧ. ಮರುವರ್ಷ ಅವನು ಸುಳ್ಳು ಹೇಳಿದ್ದೆ ಅಂದ. ಇದೇನಾ ಭದ್ರತೆ? 9/11 ಕೇಸಿನ ಮುಖ್ಯ ಆರೋಪಿ ಖಾಲಿದ್ ಶೇಖ್ ಮೊಹಮ್ಮದ್‌ನ ಮುಖಕ್ಕೆ ಬಟ್ಟೆ ಹಾಕಿ 183 ಸಲ ನೀರು ಸುರಿದರು. ಈಗ ಅವನ ಯಾವ ಮಾತು ಸಾಕ್ಷಿ, ಯಾವುದಲ್ಲ ಅಂತ ವಕೀಲರು ವರ್ಷಗಟ್ಟಲೆ ಗುದ್ದಾಡುತ್ತಿದ್ದಾರೆ. ಸುಮಾರು 3,000 ಜನ ಸತ್ತ ಕೇಸನ್ನು ಕೆಡಿಸಿದ್ದು ಶತ್ರುಗಳಲ್ಲ ಸ್ವಾಮಿ, ಇವರೇ.

ಸತ್ತವರ ಮನೆಯವರು ವಿಮಾನ ಹತ್ತಿ ಅಲ್ಲಿಗೆ ಹೋಗಿ, ಗಾಜಿನ ಹಿಂದೆ ಕೂತು ವಿಚಾರಣೆ ನೋಡುತ್ತಾರೆ. ಗುಟ್ಟು ಹೊರಬೀಳದಿರಲಿ ಅಂತ ಮಾತು 40 ಸೆಕೆಂಡ್ ತಡವಾಗಿ ಕೇಳಿಸುತ್ತದೆ. ಜಡ್ಜ್ ಎದ್ದು ಒಳಗೆ ಹೋಗಿರುತ್ತಾರೆ, ಇವರಿಗೆ ಅವರ ಮಾತು ಇನ್ನೂ ಕೇಳಿಸುತ್ತಲೇ ಇರುತ್ತದೆ.