ಕಪ್ಪು-ಬಿಳುಪು ಸಿನಿಮಾಗೆ ಬಣ್ಣ ಬಳಿಯಬೇಡಿ

ಹಳೆಯ ಸಿನಿಮಾ ದೃಶ್ಯಗಳಿಗೆ ಎಐ ಬಣ್ಣ ಹಾಕಿದ ವಿಡಿಯೊಗಳು ಈಗ ದಿನಾ ಕಣ್ಣಿಗೆ ಬೀಳುತ್ತಿವೆ. ಕೆಳಗೆ 'ಈಗ ಜೀವ ಬಂತು ನೋಡಿ' ಅನ್ನುವ ಕಾಮೆಂಟುಗಳು. ಇದನ್ನು ಓದಿದಾಗೆಲ್ಲ ನನಗೆ ನಿಜವಾಗಿಯೂ ಬೇಜಾರಾಗುತ್ತದೆ. ಆ ದೃಶ್ಯಕ್ಕೆ ಜೀವ ಕೊಟ್ಟ ಕ್ಯಾಮೆರಾಮನ್ ಒಬ್ಬರು ಇದ್ದರಲ್ವಾ? ಯಾವುದು ಕಾಣಬೇಕು, ಯಾವುದು ಕತ್ತಲಲ್ಲೇ ಉಳಿಯಬೇಕು ಅಂತ ಅವರು ಆಗಲೇ ಯೋಚಿಸಿ ತೀರ್ಮಾನ ಮಾಡಿಯಾಗಿತ್ತು.

ಮೈಸೂರಿನ ವಿ.ಕೆ. ಮೂರ್ತಿಯವರನ್ನೇ ತೆಗೆದುಕೊಳ್ಳಿ. ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಕ್ಯಾಮೆರಾ ಕಲಿತು ಬಾಂಬೆಗೆ ಹೋದವರು. ನಿರ್ದೇಶಕ, ನಟ ಗುರುದತ್ ಅವರ ಕ್ಯಾಮೆರಾಮನ್. ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕರೂ ಅವರೇ. 1959ರ 'ಕಾಗಜ್ ಕೆ ಫೂಲ್' ಸಿನಿಮಾದ 'ವಕ್ತ್ ನೇ ಕಿಯಾ' ಹಾಡನ್ನು ಒಮ್ಮೆ ನಿಧಾನವಾಗಿ ನೋಡಿ. ಖಾಲಿ ಸ್ಟುಡಿಯೊ. ಮೇಲಿಂದ ಒಂದೇ ಒಂದು ಬೆಳಕಿನ ಕೋಲು ನೆಲಕ್ಕೆ ಇಳಿಯುತ್ತದೆ. ಆ ಕಡೆ ಗುರುದತ್, ಈ ಕಡೆ ವಹೀದಾ ರೆಹಮಾನ್. ಆ ಕಿರಣಕ್ಕಾಗಿ ಮೂರ್ತಿ ಎರಡು ದೊಡ್ಡ ಕನ್ನಡಿ ಬಳಸಿದರು. ಹೊರಗೆ ಬಿಸಿಲಲ್ಲಿ ಇಟ್ಟ ಕನ್ನಡಿಯ ಬೆಳಕು ಒಳಗೆ ಎತ್ತರದಲ್ಲಿದ್ದ ಕನ್ನಡಿಗೆ ಬಿದ್ದು, ಅಲ್ಲಿಂದ ನೆಲಕ್ಕೆ ಇಳಿಯಿತು.

'ಕಾಗಜ್ ಕೆ ಫೂಲ್' ನಮ್ಮ ದೇಶದ ಮೊದಲ ಸಿನಿಮಾಸ್ಕೋಪ್, ಅಂದರೆ ಅಗಲ ತೆರೆಯ ಚಿತ್ರ. ಅಷ್ಟು ಅಗಲದ ತೆರೆ ಸಿಕ್ಕಿದರೆ ಯಾರಿಗಾದರೂ ತುಂಬಿಸುವ ಆಸೆ ಆಗುತ್ತದೆ. ಅವರು ಖಾಲಿ ಬಿಟ್ಟರು. ಈ ಇಬ್ಬರು ಕೂಡಿ ಬಾಳುವುದು ಆಗದ ಮಾತು ಅನ್ನುವುದನ್ನು ನಮಗೆ ತಿಳಿಸುವುದು ನಡುವಿನ ಆ ಜಾಗ. ಇನ್ನು ಅಲ್ಲಿ ಸೀರೆಗೊಂದು ಬಣ್ಣ, ಗೋಡೆಗೊಂದು ಬಣ್ಣ ಹಚ್ಚಿ ನೋಡಿ. ಕಣ್ಣು ಸೀದಾ ಸೀರೆಗೆ ಹೋಗುತ್ತದೆ. ಕತ್ತಲು ಬರೀ ಹಿನ್ನೆಲೆ ಆಗಿಬಿಡುತ್ತದೆ.

ಕಪ್ಪು-ಬಿಳುಪಿನಲ್ಲಿ ನಮ್ಮ ಕಣ್ಣು ಹೆಚ್ಚಾಗಿ ಮೊದಲು ಹೋಗುವುದು ಬೆಳಕು ಜಾಸ್ತಿ ಇರುವ ಕಡೆಗೆ. ಬಣ್ಣ ಬಂದರೆ ಮೂಲೆಯಲ್ಲಿರುವ ಕೆಂಪು ಬಟ್ಟೆ ಕೂಡ ನಮ್ಮನ್ನು ಎಳೆಯುತ್ತದೆ. ಇನ್ನೊಂದು ವಿಷಯ. ಕೆಂಪು ರವಿಕೆ, ಹಸಿರು ಸೀರೆ ಎರಡೂ ಕಪ್ಪು-ಬಿಳುಪು ಫಿಲ್ಮಿನಲ್ಲಿ ಒಂದೇ ಬೂದು ಆಗಿ ಬರಬಹುದು. ಹಾಗಾಗಿ ಈಗ ಕಂಪ್ಯೂಟರ್ ಹಾಕುವ ಬಣ್ಣ ಬರೀ ಊಹೆ. ಅಂದು ಸೆಟ್ಟಿನಲ್ಲಿದ್ದ ಬಣ್ಣವೂ ಅದೇ ಆಗಿರಬೇಕೆಂದಿಲ್ಲ.

1962ರ 'ಸಾಹಿಬ್ ಬೀಬಿ ಔರ್ ಗುಲಾಮ್' ಸಿನಿಮಾದ ಒಂದು ನೃತ್ಯದಲ್ಲಿ ಮೂರ್ತಿ ಹಿಂದಿನ ನರ್ತಕಿಯರನ್ನೆಲ್ಲ ನೆರಳಿನಲ್ಲೇ ಇಟ್ಟಿದ್ದಾರೆ. ಬೆಳಕು ಮುಂದೆ ಕುಣಿಯುವವಳ ಮೇಲೆ ಮಾತ್ರ. ಆ ನೆರಳುಗಳಿಗೆ ಯಾವ ಬಣ್ಣ ಹಾಕುತ್ತೀರಿ?

ನನಗೆ ಎಲ್ಲಕ್ಕಿಂತ ಜಾಸ್ತಿ ಸಂಕಟ ಆಗುವುದು 'ಮುಘಲ್-ಎ-ಆಜಮ್' ವಿಷಯದಲ್ಲಿ. 1960ರ ಆ ಚಿತ್ರ ಬಹುಪಾಲು ಕಪ್ಪು-ಬಿಳುಪು. ಶೀಶ್ ಮಹಲಿನ ಹಾಡಿಗೆ ಬಣ್ಣ ಬರುತ್ತದೆ. ಅನಾರ್ಕಲಿ ಬಾದಶಾಹನ ಎದುರೇ ಪ್ರೀತಿಸಿದ್ದೇನೆ, ಹೆದರುವುದೇಕೆ ಅಂತ ಹಾಡುವ ಹೊತ್ತು ಅದು. ಅವನು ತಲೆ ಎತ್ತಿದರೆ ಚಾವಣಿಯ ಕನ್ನಡಿ ಕನ್ನಡಿಯಲ್ಲೂ ಅವಳೇ. ಅಲ್ಲಿಯವರೆಗೆ ಬೂದು ಲೋಕದಲ್ಲಿ ಕೂತಿದ್ದ ನಮಗೂ ಅವಳ ಧೈರ್ಯದ ಜೊತೆಗೇ ಬಣ್ಣ ಬಂದು ಬಡಿಯುತ್ತದೆ. 2004ರಲ್ಲಿ ಇಡೀ ಚಿತ್ರಕ್ಕೆ ಬಣ್ಣ ಹಾಕಿದರು. ಈಗ ಆ ಹಾಡು ಹತ್ತರ ಜೊತೆ ಹನ್ನೊಂದನೆಯದು. ನಿರ್ದೇಶಕ ಕೆ. ಆಸಿಫ್ ಅವರಿಗೇ ಪೂರ್ತಿ ಬಣ್ಣದಲ್ಲಿ ತೆಗೆಯುವ ಆಸೆ ಇತ್ತು ಅನ್ನುತ್ತಾರೆ. ಇರಲಿ. ಹಾಗೆ ತೆಗೆದಿದ್ದರೆ ಬೆಳಕನ್ನೂ ಬಟ್ಟೆಯನ್ನೂ ಅವರು ಬೇರೆ ಥರವೇ ಯೋಚಿಸುತ್ತಿದ್ದರು.

ಬಣ್ಣದ ಮೇಲೆ ನನಗೆ ಸಿಟ್ಟಿಲ್ಲ. 2002ರ 'ದ್ವೀಪ' ನೋಡಿ. ಕ್ಯಾಮೆರಾ ಎಚ್.ಎಂ. ರಾಮಚಂದ್ರ ಅವರದು, ಅದಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು. ಅಣೆಕಟ್ಟಿನ ನೀರು ಏರುತ್ತಿದೆ, ಮಳೆ ನಿಲ್ಲುತ್ತಿಲ್ಲ, ಗುಡ್ಡದ ಮೇಲೆ ಒಂದು ಮನೆ. ನಾವು ಮಲೆನಾಡಿಗೆ ಹೋಗಿ ಫೋಟೊ ತೆಗೆದು ಖುಷಿಪಡುವ ಅದೇ ಹಸಿರು ಅಲ್ಲಿ ಭಯ ಹುಟ್ಟಿಸುತ್ತದೆ. ಹಸಿರಿಗೆ ಹೀಗೇ ಅಂತ ಒಂದು ಅರ್ಥ ಇಲ್ಲ. ಸುತ್ತಲ ನೀರು, ಮೋಡ ಕವಿದ ಬೆಳಕು, ಕ್ಯಾಮೆರಾ ನಿಂತ ಜಾಗ ಎಲ್ಲ ಸೇರಿ ಅದಕ್ಕೆ ಅರ್ಥ ಕೊಡುತ್ತವೆ. ಚಿತ್ರೀಕರಣದ ಹೊತ್ತಿಗೇ ಆಗಬೇಕಾದ ಕೆಲಸ ಅದು.

ನಮ್ಮಲ್ಲೂ 2008ರಲ್ಲಿ 'ಸತ್ಯ ಹರಿಶ್ಚಂದ್ರ', 2014ರಲ್ಲಿ 'ಕಸ್ತೂರಿ ನಿವಾಸ' ಬಣ್ಣದಲ್ಲಿ ಬಂದವು. ಅಣ್ಣಾವ್ರನ್ನು ಮತ್ತೆ ದೊಡ್ಡ ತೆರೆಯಲ್ಲಿ ನೋಡುವ ಸಂಭ್ರಮ ನನಗೂ ಅರ್ಥವಾಗುತ್ತದೆ. ಬಣ್ಣ ಇಲ್ಲದಿದ್ದರೆ ಮಕ್ಕಳು ನೋಡುವುದಿಲ್ಲ ಅನ್ನುವ ಮಾತನ್ನು ಮಾತ್ರ ನಾನು ನಂಬುವುದಿಲ್ಲ. ಗೀರು, ಕಲೆ ತುಂಬಿದ ಪ್ರಿಂಟು, ಗೊರಗೊರ ಅನ್ನುವ ಸೌಂಡು ಕೊಟ್ಟು ನೋಡಿ ಅಂದರೆ ಯಾರಾದರೂ ಎದ್ದು ಹೋಗುತ್ತಾರೆ.

ಕಾಸರವಳ್ಳಿಯವರ 'ಘಟಶ್ರಾದ್ಧ' 1977ರದು, ಎಸ್. ರಾಮಚಂದ್ರ ಅವರ ಕ್ಯಾಮೆರಾ. ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮುತುವರ್ಜಿಯಿಂದ ಅದನ್ನು ಹೊಸದಾಗಿ ಶುದ್ಧಗೊಳಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಕಪ್ಪು-ಬಿಳುಪಿನಲ್ಲೇ. ಬಣ್ಣಕ್ಕೆ ಸುರಿಯುವ ದುಡ್ಡನ್ನು ಹೀಗೆ ಖರ್ಚು ಮಾಡಬಹುದಲ್ವಾ? ನೆಗೆಟಿವ್ ಇಟ್ಟುಕೊಂಡಿರುವ ನಿರ್ಮಾಪಕರ ಮನೆಯವರಲ್ಲಿ ನನ್ನ ಕೋರಿಕೆ ಇಷ್ಟೇ. ಬಣ್ಣದ್ದು ಬಿಡುಗಡೆ ಮಾಡಲೇಬೇಕು ಅಂದರೆ ಮಾಡಿ. ಮೂಲ ಚಿತ್ರದ ಒಳ್ಳೆಯ ಪ್ರತಿಯನ್ನೂ ಅದರ ಪಕ್ಕದಲ್ಲೇ ಹಾಕಿ, ಮತ್ತು ಎರಡರ ಮೇಲೂ ಕ್ಯಾಮೆರಾಮನ್ ಹೆಸರು ಬರೆಯಿರಿ.