ಹದಿನಾಲ್ಕು ಮಾರ್ಕ್ಸ್ ಎಲ್ಲೋಯ್ತು?

ಬಾಗಲಕೋಟೆ ಕೇಕಿನ ಸುದ್ದಿ ಮತ್ತೆ ನಮ್ಮ ಫ್ಯಾಮಿಲಿ ಗ್ರೂಪಿಗೆ ಬಂದು ಬಿತ್ತು. ಅದೇ, 2025ರ ಎಸ್ಸೆಸ್ಸೆಲ್ಸಿಲಿ ಆರಕ್ಕೆ ಆರೂ ಸಬ್ಜೆಕ್ಟ್ ಫೇಲಾಗಿ 625ಕ್ಕೆ 200 ತಗೊಂಡ ಹುಡುಗನಿಗೆ ಅಪ್ಪ ಅಮ್ಮ ಕೇಕ್ ಕಟ್ ಮಾಡಿಸಿದ್ರಲ್ಲ. ಕೆಳಗೆ ನಮ್ಮ ದೊಡ್ಡಪ್ಪ, "ಹಿಂಗೇ ತಲೆ ಮೇಲೆ ಕೂರಿಸ್ಕೊಳ್ಳಿ, ಉದ್ಧಾರ ಆಗ್ತಾರೆ" ಅಂತ. ಅದಕ್ಕೆ ಇಪ್ಪತ್ತು ಥಂಬ್ಸ್‌ಅಪ್ಪು.

ದೊಡ್ಡಪ್ಪ ಹೇಳೋದು ಸರಿನೇ ಬಿಡಿ. ಮಾರ್ಕ್ಸ್ ಏನು ಮಕ್ಕಳದಾ? ಅಪ್ಪ ಅಮ್ಮನ ಸ್ವಂತ ಆಸ್ತಿ ಅದು, ಮಗು ಬರೀ ಹೋಗಿ ಬರ್ಕೊಂಡು ಬರುತ್ತೆ ಅಷ್ಟೇ. ಪಕ್ಕದ ಮನೇಲಿ ರಿಸಲ್ಟ್ ದಿನ ಸೈಟ್ ಹ್ಯಾಂಗಾಗಿ ಹ್ಯಾಂಗಾಗಿ ಕೊನೆಗೂ ಓಪನ್ ಆದಾಗ 611 ಬಂದಿತ್ತು, ಹುಡುಗ ಇನ್ನೇನು ನಗಬೇಕು, ಅಷ್ಟರಲ್ಲಿ ಅವರಪ್ಪ "ಹದಿನಾಲ್ಕು ಎಲ್ಲೋಯ್ತೋ?" ಅಂದ್ರು, ದೇವಸ್ಥಾನದ ಹೊರಗೆ ಚಪ್ಪಲಿ ಕಳ್ಕೊಂಡೋರ ಥರ ಮುಖ ಮಾಡ್ಕೊಂಡು.

ಅವರಮ್ಮನ ಕಷ್ಟಾನೂ ಸ್ವಲ್ಪ ನೋಡ್ಬೇಕು. ವರ್ಷಪೂರ್ತಿ ದಿನಾ ಐದು ಬಾದಾಮಿ, ರಾತ್ರಿ ನೆನೆಹಾಕಿ, ಬೆಳಿಗ್ಗೆ ಸಿಪ್ಪೆ ಸುಲಿದು, ಸ್ಟೀಲ್ ಬಟ್ಟಲಲ್ಲಿ ಇಟ್ಟು ಪಕ್ಕದಲ್ಲೇ ನಿಂತು ತಿನ್ನಿಸಿದ್ದು. ಲೆಕ್ಕ ಹಾಕಿದೆ, 1,825 ಬಾದಾಮಿ. ಹೋದ ಹದಿನಾಲ್ಕು ಮಾರ್ಕ್ಸಿಗೆ ಹಂಚಿದ್ರೆ ತಲಾ 130 ದಂಡ. ಹೊಟ್ಟೆ ಉರಿಯಲ್ವಾ? ಬಾದಾಮಿ ಊರು ಇರೋದೇ ಬಾಗಲಕೋಟೆ ಜಿಲ್ಲೇಲಿ, ಅಲ್ಲಿಯವರೇ ಮಗನಿಗೆ ಕೇಕ್ ತಿನ್ನಿಸ್ತಾರೆ ಅಂದ್ರೆ ಏನ್ ಕಾಲ ಬಂತಪ್ಪಾ.

ಅಮೆರಿಕದಲ್ಲಿ ಡಯಾನಾ ಬೌಮ್ರಿಂಡ್ ಅನ್ನೋ ಮನಶ್ಶಾಸ್ತ್ರಜ್ಞೆ 1960ರ ದಶಕದಲ್ಲೇ ಅಪ್ಪ ಅಮ್ಮಂದಿರನ್ನ ಮೂರು ಥರ ವಿಂಗಡಿಸಿ ಇಟ್ರು. ದರ್ಬಾರು ಮಾಡೋರು, ಹಂಗೇ ಬಿಟ್ಟುಬಿಡೋರು, ಶಿಸ್ತೂ ಇಟ್ಟು ಮಗು ಮಾತೂ ಕೇಳೋರು. ಈ ಮೂರನೆಯವರ ಮಕ್ಕಳಿಗೆ ತಮ್ಮ ಮೇಲೆ ನಂಬಿಕೆನೂ ಜಾಸ್ತಿ, ಓದಲ್ಲೂ ಮುಂದೆ ಅಂತ ಆಮೇಲೆ ಎಷ್ಟೋ ಸ್ಟಡಿಗಳಲ್ಲಿ ಬಂತು. ಪಾಪ, ಆಯಮ್ಮ ನಮ್ಮ ಗ್ರೂಪಲ್ಲಿ ಇರ್ಲಿಲ್ಲ. ಇದ್ದಿದ್ರೆ "ನಾಲ್ಕ್ ಜನ ಏನಂತಾರೆ" ಅನ್ನೋ ಇನ್ನೊಂದು ಥರಾನೂ ಸಿಗ್ತಿತ್ತು.

ಕೇಕಿಗೆ ಬೈತೀರಲ್ಲ, ರಿಸಲ್ಟ್ ಬಂದ ಮಾರನೇ ದಿನ ಪೇಪರಿನ ಒಳಪುಟದಲ್ಲಿ ನಾಲ್ಕು ಸಾಲು ಬರುತ್ತೆ, ಪ್ರತಿ ವರ್ಷ ಬರುತ್ತೆ, ಯಾವುದೋ ಊರು, ಹದಿನಾರು ವಯಸ್ಸು. ಅದನ್ನ ಯಾವ ಗ್ರೂಪಿಗೂ ಯಾರೂ ಫಾರ್ವರ್ಡ್ ಮಾಡಲ್ಲ. ಫೇಲಾದ್ರೆ ಅದೇ ವರ್ಷ ಮತ್ತೆ ಬರೆಯೋಕೆ ಪರೀಕ್ಷೆ-2 ಇದೆ ಕಣ್ರೀ, ಸರ್ಕಾರವೇ ಇನ್ನೊಂದು ಚಾನ್ಸ್ ಕೊಡ್ತಿದೆ, ನಿಮ್ಮನೇಲಿ ಒಂದೂ ಇಲ್ವಾ? ಆ ಬಾಗಲಕೋಟೆ ಹುಡುಗ ಮತ್ತೆ ಬರೀತೀನಿ ಅಂದ. ಅಂದ ಅಂದ್ರೆ, ಅನ್ನೋಕೆ ಇದ್ದ.

ನಿನ್ನೆ ಪಕ್ಕದ ಮನೆಗೆ ಹೆಪ್ಪಿಗೆ ಮೊಸರು ಕೇಳೋಕೆ ಹೋಗಿದ್ದೆ. ಅದೇ ಸ್ಟೀಲ್ ಬಟ್ಟಲು, ಬಾದಾಮಿ ಮಾತ್ರ ಎಂಟಾಗಿದೆ. ಪಿಯುಸಿ ಸೈನ್ಸಂತೆ.