ಶಿವಶಂಕರ ಮೆನನ್ ಹೆಸರಿನ ಮುಂದಿನ ಖಾಲಿ ಜಾಗ

ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಮಕ್ಕಳಿಗೆ ನಾನು ಅಂತರರಾಷ್ಟ್ರೀಯ ಸಂಬಂಧಗಳ ಪಾಠ ಹೇಳುತ್ತೇನೆ. ಕಳೆದ ವಾರ ಒಬ್ಬ ವಿದ್ಯಾರ್ಥಿ ತನ್ನ ನೋಟ್‌ಬುಕ್ ತಂದು ತೋರಿಸಿದ. ರಾಷ್ಟ್ರೀಯ ಭದ್ರತಾ ಸಲಹೆಗಾರರ ಪಟ್ಟಿಯನ್ನು ಕೆಂಪು ಶಾಯಿಯಲ್ಲಿ ಬರೆದುಕೊಂಡಿದ್ದ: 1998ರಲ್ಲಿ ಬ್ರಜೇಶ್ ಮಿಶ್ರಾ, 2004ರಲ್ಲಿ ಜೆ.ಎನ್. ದೀಕ್ಷಿತ್, 2005ರಲ್ಲಿ ಎಂ.ಕೆ. ನಾರಾಯಣನ್, 2010ರಲ್ಲಿ ಶಿವಶಂಕರ ಮೆನನ್, 2014ರಲ್ಲಿ ಅಜಿತ್ ದೋವಲ್. ಉಳಿದವರ ಹೆಸರಿನ ಮುಂದೆ ಒಂದೊಂದು ಸಂಗತಿ ಇತ್ತು, ಮೆನನ್ ಅವರ ಹೆಸರಿನ ಮುಂದಿನ ಜಾಗ ಮಾತ್ರ ಖಾಲಿ. "ಇವರ ಕಾಲದಾಗ ಯುದ್ಧಾನೂ ಆಗಿಲ್ಲ, 2008ರ ಮುಂಬೈನಂಥ ದೊಡ್ಡ ದಾಳಿನೂ ಆಗಿಲ್ಲ. ಏನಂತ ಬರಕೊಳ್ಳಲ್ರಿ ಸರ್?" ಎಂದು ಕೇಳಿದ. ತರಗತಿಯ ಗಡಿಬಿಡಿಯಲ್ಲಿ ಅವನಿಗೆ ಪೂರ್ತಿ ಉತ್ತರ ಕೊಡಲಾಗಲಿಲ್ಲ. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ಮೆನನ್ ರಾಜತಾಂತ್ರಿಕರ ಮನೆತನದಲ್ಲಿ ಹುಟ್ಟಿದವರು. ಅವರ ಅಜ್ಜ ಕೆ.ಪಿ.ಎಸ್. ಮೆನನ್ ಸ್ವತಂತ್ರ ಭಾರತದ ಮೊದಲ ವಿದೇಶಾಂಗ ಕಾರ್ಯದರ್ಶಿ. 1972ರಲ್ಲಿ ವಿದೇಶಾಂಗ ಸೇವೆಗೆ ಸೇರಿದ ಶಿವಶಂಕರ ಮೆನನ್ ಚೀನೀ ಭಾಷೆ ಕಲಿತರು. ಇಸ್ರೇಲ್, ಶ್ರೀಲಂಕಾ, ಚೀನಾ, ಪಾಕಿಸ್ತಾನ ಈ ನಾಲ್ಕೂ ದೇಶಗಳಲ್ಲಿ ಭಾರತದ ಪ್ರತಿನಿಧಿಯಾಗಿದ್ದರು. 2006ರಲ್ಲಿ, ಸೇವೆಯಲ್ಲಿ ತಮಗಿಂತ ಹಿರಿಯರಾದ ಹಲವರನ್ನು ದಾಟಿ, ವಿದೇಶಾಂಗ ಕಾರ್ಯದರ್ಶಿಯಾದರು. 2008ರ ಸೆಪ್ಟೆಂಬರ್‌ನಲ್ಲಿ ಪರಮಾಣು ಪೂರೈಕೆದಾರರ ಗುಂಪು, ಅಂದರೆ ಅಣು ಇಂಧನ ಮತ್ತು ತಂತ್ರಜ್ಞಾನ ಮಾರುವ ದೇಶಗಳ ಕೂಟ, ಭಾರತದೊಂದಿಗೆ ಆ ವ್ಯಾಪಾರ ಮಾಡಲು ವಿನಾಯಿತಿ ಕೊಟ್ಟಾಗ ಆ ಸ್ಥಾನದಲ್ಲಿದ್ದವರು ಅವರೇ. ಪರೀಕ್ಷೆಗೆ ಇಷ್ಟು ಸಾಕು. ಆದರೆ ನನ್ನ ಮಟ್ಟಿಗೆ ಅವರ ವೃತ್ತಿಜೀವನದ ತಿರುಳು ಇರುವುದು 1993ರ ಸೆಪ್ಟೆಂಬರ್ 7ರಂದು ಬೀಜಿಂಗ್‌ನಲ್ಲಿ ಸಹಿಯಾದ, ಒಂಬತ್ತೇ ಕಲಮುಗಳ ಒಂದು ಒಪ್ಪಂದದಲ್ಲಿ.

ಭಾರತ–ಚೀನಾ ಗಡಿಯಲ್ಲಿ ಶಾಂತಿ ಕಾಪಾಡುವ ಆ ಒಪ್ಪಂದದ ಮಾತುಕತೆಯಲ್ಲಿ ದುಡಿದ ಅಧಿಕಾರಿಗಳಲ್ಲಿ ಮೆನನ್ ಒಬ್ಬರು. ನವಲಗುಂದದ ಎರೆಸೀಮೆಯಲ್ಲಿ ಹುಟ್ಟಿದ ನನಗೆ ಅದರ ಜಾಣ್ಮೆ ಅರ್ಥವಾದದ್ದು ನಮ್ಮ ಹೊಲದ ಬದುವಿನ ತಕರಾರಿನಿಂದ. ಎರೆ ಹೊಲದಲ್ಲಿ ಮಳೆಗೆ ಬದು ಕೊಚ್ಚಿಹೋಗುತ್ತದೆ, ಸರ್ವೆ ಕಲ್ಲು ಹೂತುಹೋಗುತ್ತದೆ, ಪಕ್ಕದವರ ಕುಂಟೆ ವರ್ಷಕ್ಕೆ ಒಂದೊಂದು ಸಾಲು ಒಳಗೆ ಬರುತ್ತದೆ. ಕೋರ್ಟಿನಲ್ಲಿ ದಾವೆ ಮುಗಿಯುವವರೆಗೆ ಬಿತ್ತನೆ ನಿಲ್ಲಿಸಲಾಗುವುದಿಲ್ಲ. ಆಗ ಊರ ಹಿರಿಯರು ಇಬ್ಬರನ್ನೂ ಕೂರಿಸಿ, ಹೊಲ ಯಾರದೆಂಬುದನ್ನು ದಾವೆ ತೀರ್ಮಾನಿಸಲಿ, ಅಲ್ಲಿಯವರೆಗೆ ಇವತ್ತು ಯಾರ ವಹಿವಾಟು ಎಲ್ಲಿಯವರೆಗಿದೆಯೋ ಅದನ್ನು ಯಾರೂ ದಾಟಬಾರದು ಎಂದು ಒಪ್ಪಿಸುತ್ತಾರೆ. 1993ರ ಒಪ್ಪಂದ ಮಾಡಿದ್ದೂ ಇದನ್ನೇ. ವಾಸ್ತವ ನಿಯಂತ್ರಣ ರೇಖೆಯನ್ನು, ಅಂದರೆ ಸದ್ಯ ಯಾರ ಹಿಡಿತ ಎಲ್ಲಿಯವರೆಗಿದೆಯೋ ಆ ಗೆರೆಯನ್ನು, ಎರಡೂ ದೇಶಗಳು ಗೌರವಿಸಬೇಕು; ಆದರೆ ಆ ರೇಖೆಯ ಉಲ್ಲೇಖದಿಂದ ಗಡಿಯ ಬಗ್ಗೆ ಯಾರ ಹಕ್ಕಿನ ವಾದಕ್ಕೂ ಬಾಧೆಯಿಲ್ಲ. ಹಿಂದಿ, ಚೀನೀ, ಇಂಗ್ಲಿಷ್ ಮೂರರಲ್ಲೂ ಒಪ್ಪಂದ ಬರೆದು, ಮೂರಕ್ಕೂ ಸಮಾನ ಮಾನ್ಯತೆ ಕೊಡಲಾಗಿದೆ. ಅಂಥ ಪತ್ರದಲ್ಲಿ ಒಂದೊಂದು ಶಬ್ದವನ್ನೂ ಎಷ್ಟು ಸಲ ತೂಗಿರಬೇಕು ಎಂಬುದನ್ನು ಒಮ್ಮೆಯಾದರೂ ರಾಜಿಪತ್ರ ಬರೆದವರು ಬಲ್ಲರು.

ಆ ಒಪ್ಪಂದಕ್ಕೆ ಸೋಲೂ ಇದೆ, ಅದನ್ನು ಹೇಳದಿದ್ದರೆ ನಾನು ವಿದ್ಯಾರ್ಥಿಗಳಿಗೆ ಮೋಸ ಮಾಡಿದಂತೆ. ರೇಖೆ ಎಲ್ಲಿ ಹಾಯುತ್ತದೆ ಎಂಬ ಹದ್ದುಬಸ್ತು ಪೂರ್ತಿ ಆಗಲೇ ಇಲ್ಲ. 2000ದಲ್ಲಿ ಮಧ್ಯ ವಲಯದ ನಕ್ಷೆಗಳು ವಿನಿಮಯವಾದವು, ಲಡಾಖ್ ಇರುವ ಪಶ್ಚಿಮ ವಲಯದ್ದು ಆಗಲಿಲ್ಲ. ಕಲ್ಲು ನೆಡದ ಬದುವಿನ ಮೇಲೆ ಎಷ್ಟು ದಿನ ನಂಬಿಕೆ ನಿಂತೀತು? 2020ರ ಜೂನ್ 15ರ ರಾತ್ರಿ ಗಾಲ್ವಾನ್ ಕಣಿವೆಯಲ್ಲಿ ನಮ್ಮ 20 ಯೋಧರು ಪ್ರಾಣ ಕೊಟ್ಟರು. ಆದರೂ ಆ ರಾತ್ರಿ ಗುಂಡು ಹಾರಲಿಲ್ಲ. ರೇಖೆಯಿಂದ ಎರಡು ಕಿಲೋಮೀಟರ್ ಒಳಗೆ ಗುಂಡು ಹಾರಿಸಬಾರದೆಂಬ 1996ರ ಒಪ್ಪಂದ 1993ರದ್ದರ ಮೇಲೆಯೇ ಕಟ್ಟಿದ್ದು. ಇದನ್ನು ನೆನೆದಾಗ ನನಗೆ ಸಮಾಧಾನವಾಗುವುದಿಲ್ಲ. ಗುಂಡು ಹಾರಿದ್ದರೆ ಏನಾಗುತ್ತಿತ್ತೆಂಬ ಭಯ ಮಾತ್ರ ಆಗುತ್ತದೆ.

ಇನ್ನು 2008ರ ನವೆಂಬರ್ 26. ಹತ್ತು ಮಂದಿ ಭಯೋತ್ಪಾದಕರು ಮುಂಬೈಗೆ ನುಗ್ಗಿ 166 ಜನರನ್ನು ಕೊಂದಾಗ ಮೆನನ್ ವಿದೇಶಾಂಗ ಕಾರ್ಯದರ್ಶಿ. ಸರ್ಕಾರ ಸೇನಾ ದಾಳಿ ಮಾಡಲಿಲ್ಲ. ಆ ಸಂಯಮಕ್ಕೆ ಮೆನನ್ ಕಾರಣರೆಂದು ಬೈಯುವವರನ್ನು ನಾನು ಹುಬ್ಬಳ್ಳಿಯ ರೈಲಿನಲ್ಲೂ ಕಂಡಿದ್ದೇನೆ. ಆದರೆ 2016ರಲ್ಲಿ ಅವರು ಬರೆದ ಪುಸ್ತಕದಲ್ಲಿರುವುದು ಬೇರೆ. ದಾಳಿ ನಡೆಸಿದ ಲಷ್ಕರ್ ಸಂಘಟನೆಗೆ ಪಾಕಿಸ್ತಾನದ ಮುರೀದ್ಕೆಯಲ್ಲಿದ್ದ ನೆಲೆಯ ಮೇಲೋ, ಪಾಕ್ ಆಕ್ರಮಿತ ಕಾಶ್ಮೀರದ ಶಿಬಿರಗಳ ಮೇಲೋ, ಪಾಕ್ ಗುಪ್ತಚರ ಸಂಸ್ಥೆ ಐಎಸ್‌ಐ ಮೇಲೋ ತಕ್ಷಣ ಕಣ್ಣಿಗೆ ಕಾಣುವ ಪ್ರತೀಕಾರ ಆಗಬೇಕೆಂದು ತಾವೇ ಆಗ ಒತ್ತಾಯಿಸಿದ್ದಾಗಿ ಅವರು ಒಪ್ಪಿಕೊಂಡಿದ್ದಾರೆ. ಮುಂದೆ ಶಾಂತವಾಗಿ ಯೋಚಿಸಿ, ಆ ಹೊತ್ತಿಗೆ ದಾಳಿ ಮಾಡದಿದ್ದುದೇ ಸರಿಯೆಂಬ ನಿಲುವಿಗೆ ಬಂದರು: ದಾಳಿ ಮಾಡಿದ್ದರೆ ಪಾಕಿಸ್ತಾನ ತನ್ನ ಸೇನೆಯ ಬೆನ್ನಿಗೆ ಒಂದಾಗಿ ನಿಲ್ಲುತ್ತಿತ್ತು, ಜಗತ್ತು ಅದನ್ನು ಭಾರತ–ಪಾಕಿಸ್ತಾನದ ಮತ್ತೊಂದು ಜಗಳವಾಗಿ ನೋಡುತ್ತಿತ್ತು. ಜೊತೆಗೆ, ಇಂಥದ್ದು ಮತ್ತೆ ನಡೆದರೆ ಯಾವ ಸರ್ಕಾರಕ್ಕೂ ಅದೇ ಆಯ್ಕೆ ಬಹುತೇಕ ಅಸಾಧ್ಯ ಎಂದೂ ಬರೆದರು. ಆಮೇಲೆ ಬಂದ 2019ರ ಬಾಲಾಕೋಟ್ ವಾಯುದಾಳಿ ಮತ್ತು 2025ರ ಆಪರೇಷನ್ ಸಿಂಧೂರ ಆ ಮಾತನ್ನು ನಿಜ ಮಾಡಿದವು. ತಾನು ಮೊದಲು ಕೊಟ್ಟ ಸಲಹೆ ಬೇರೆಯಿತ್ತೆಂದು ಯಾರೂ ಕೇಳದೆಯೇ ಬರೆದಿಡುವ ಅಧಿಕಾರಿಯ ಬಗ್ಗೆ ನನಗೆ ದೊಡ್ಡ ಗೌರವವಿದೆ.

ಅದೇ ಗೌರವದಿಂದಲೇ ಒಂದು ಆಕ್ಷೇಪ. 2009ರ ಜುಲೈನಲ್ಲಿ ಈಜಿಪ್ಟಿನ ಶರ್ಮ್ ಅಲ್ ಶೇಖ್‌ನಲ್ಲಿ ಹೊರಬಿದ್ದ ಭಾರತ–ಪಾಕಿಸ್ತಾನ ಜಂಟಿ ಹೇಳಿಕೆಯಲ್ಲಿ ಬಲೂಚಿಸ್ತಾನದ ಹೆಸರು ನುಸುಳಿತು; ತನ್ನ ಆ ಪ್ರಾಂತದ ಗಲಭೆಗೆ ಭಾರತವೇ ಕಾರಣವೆಂಬುದು ಪಾಕಿಸ್ತಾನದ ಆರೋಪ. ಭಯೋತ್ಪಾದನೆಯ ವಿರುದ್ಧದ ಕ್ರಮವನ್ನು ಮಾತುಕತೆಗೆ ಜೋಡಿಸಬಾರದೆಂಬ ವಾಕ್ಯವೂ ಸೇರಿತು. ಕರಡು ಸರಿಯಾಗಿ ಬರೆಯಲಾಗದೆ ಇರಬಹುದೆಂದು ಮೆನನ್ ಅವರೇ ಆಗ ಹೇಳಿದರು. ಶಬ್ದ ತೂಗುವುದೇ ಕಾಯಕವಾದವರ ಕೈಯಲ್ಲಿ, ಮುಂಬೈ ದಾಳಿ ನಡೆದು ವರ್ಷ ತುಂಬುವ ಮೊದಲೇ ಇದು ಆಗಬಾರದಿತ್ತು.

ಇನ್ನು ಆ ಖಾಲಿ ಜಾಗ. 2012ರ ಜನವರಿಯಲ್ಲಿ, ಗಡಿ ಮಾತುಕತೆಯ ವಿಶೇಷ ಪ್ರತಿನಿಧಿಯೂ ಆಗಿದ್ದ ಮೆನನ್ ಅವರ ಅವಧಿಯಲ್ಲಿ, ಗಡಿ ವಿಷಯಗಳಿಗೆ ಎರಡೂ ದೇಶಗಳ ಒಂದು ಸಮಾಲೋಚನಾ ವ್ಯವಸ್ಥೆ ಆಯಿತು. 2013ರ ಏಪ್ರಿಲ್‌ನಲ್ಲಿ ಚೀನಾ ಪಡೆ ಲಡಾಖ್‌ನ ದೆಪ್ಸಾಂಗ್‌ನಲ್ಲಿ ಡೇರೆ ಹಾಕಿ ಕೂತಿತು. ಎದುರಿಗೆ ನಮ್ಮವರೂ ಡೇರೆ ಹಾಕಿದರು. ಸುಮಾರು ಮೂರು ವಾರದ ನಂತರ, ಒಬ್ಬ ಯೋಧನ ಪ್ರಾಣವೂ ಹೋಗದೆ, ಡೇರೆಗಳು ಎದ್ದವು. ಆಮೇಲೊಂದು ದಿನ ತರಗತಿಯಲ್ಲಿ ಇದನ್ನು ಹೇಳಿದಾಗ ಮುಂದಿನ ಬೆಂಚಿನಲ್ಲಿದ್ದ ಕುಂದಗೋಳ ಕಡೆಯ ಹುಡುಗಿಯೊಬ್ಬಳು ಬೆಟದೂರಿನ ಹನುಮಂತಪ್ಪ ಕೊಪ್ಪದ ಅವರ ಹೆಸರೆತ್ತಿದಳು. 2016ರ ಫೆಬ್ರವರಿಯಲ್ಲಿ ಸಿಯಾಚಿನ್‌ನ ಹಿಮದಡಿ ಆರು ದಿನ ಜೀವ ಹಿಡಿದು, ಕೊನೆಗೆ ದೆಹಲಿಯಲ್ಲಿ ತೀರಿಕೊಂಡ ಲ್ಯಾನ್ಸ್ ನಾಯಕ್ ಅವರು. ಅದು ಬೇರೆ ಗಡಿ, ಅವರನ್ನು ಒಯ್ದದ್ದು ಹಿಮ, ಶತ್ರುವಲ್ಲ. ಆದರೂ ಗಡಿ ಎಂದರೆ ನಮ್ಮ ಜಿಲ್ಲೆಯವರಿಗೆ ಮೊದಲು ನೆನಪಾಗುವುದು ಅವರ ಮುಖವೇ. ತರಗತಿ ಸ್ವಲ್ಪ ಹೊತ್ತು ಸುಮ್ಮನಿತ್ತು. ನೋಟ್‌ಬುಕ್ಕಿನ ಹುಡುಗ ಕೆಂಪು ಪೆನ್ನು ತೆಗೆದು ಖಾಲಿ ಜಾಗದಲ್ಲಿ "ದೆಪ್ಸಾಂಗ್, 2013" ಎಂದು ಬರೆದುಕೊಂಡು, ಪಶ್ಚಿಮ ವಲಯದ ನಕ್ಷೆ ಯಾಕೆ ಕೊಡಲಿಲ್ಲವೆಂದು ಕೇಳಿದ. ಸೋಮವಾರದ ಪಾಠ ಅದರ ಮೇಲೆ.